ಕಾಗದವಿಲ್ಲದ ಅಭಯ

ಮೊನ್ನೆ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಯಾರೋ ಅಮೈಲ್ ಆಲ್ಕೋಹಾಲಿನ ಸೀಸೆಯ ಬಿರಡೆ ತೆಗೆದರು. ಗಂಟಲು ಹಿಡಿಯುವ ಆ ಘಾಟಿಗೆ ನನ್ನ ಕೈ ನಿಂತುಹೋಯಿತು. ಸುಗಟೂರಿನ ಹಾಲಿನ ಡೈರಿಯಲ್ಲಿ ಕೊಬ್ಬಿನಂಶ ಅಳೆಯಲು ಬಳಸುತ್ತಿದ್ದುದು ಇದೇ ದ್ರವ. ಅಳೆಯುತ್ತಿದ್ದವರನ್ನು ಊರೆಲ್ಲ ಟೆಸ್ಟರಣ್ಣ ಎಂದು ಕರೆಯುತ್ತಿತ್ತು.

ಅವರದೊಂದು ಪದ್ಧತಿಯಿತ್ತು. ಯಾರದೇ ಹಾಲು ನೀರು ಎನಿಸಿದರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಲ್ಯಾಕ್ಟೋಮೀಟರಿನ ಕಡ್ಡಿಯನ್ನು ಅವರ ಕಣ್ಣೆದುರೇ ಹಾಲಿಗೆ ಬಿಟ್ಟು, ಅದು ಎಲ್ಲಿಗೆ ನಿಂತಿತೆಂದು ಅವರಿಂದಲೇ ಓದಿಸುತ್ತಿದ್ದರು. ಸಿಕ್ಕಿಬಿದ್ದವರೂ ಅವರನ್ನು ನಂಬುತ್ತಿದ್ದರು.

ಎಂಬತ್ತಾರರ ಬೇಸಿಗೆ. ರಷ್ಯಾದಲ್ಲಿ ಅಣುಸ್ಥಾವರ ಸಿಡಿದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ವಿಷ ಗಾಳಿಯಲ್ಲಿ ಬಂದು, ಹುಲ್ಲಿಗಿಳಿದು, ಹಾಲು ಸೇರುತ್ತದಂತೆ... ಒಂದು ಬೆಳಿಗ್ಗೆ ಹೆಂಗಸರು ಹಾಲಿನ ಜೊತೆ ಹುಲ್ಲಿನ ಕಟ್ಟನ್ನೂ ಹೊತ್ತು ತಂದು ಡೈರಿಯ ಮುಂದೆ ಸಾಲುಗಟ್ಟಿದರು, ಪರೀಕ್ಷೆಗೆ.

"ನಮ್ಮ ಹಸು ಕೋಲಾರಾನೂ ಕಂಡಿಲ್ಲ ಕಣಪ್ಪೋ, ಅದಕ್ಕೆ ರಷ್ಯಾ ಗಾಳಿ ಎಂಗೆ ಬಡೀತು?" ಎಂದಳು ಒಬ್ಬ ಮುದುಕಿ. ಕಂಕುಳಲ್ಲಿ ಕೂಸಿದ್ದವರು ನಗಲಿಲ್ಲ.

ಟೆಸ್ಟರಣ್ಣ ಕಡ್ಡಿ ಎತ್ತಿ ತೋರಿಸಿದರು. "ಇದಕ್ಕೆ ನೀರು ಗೊತ್ತಾಗ್ತದೆ. ಆ ವಿಷ ಗೊತ್ತಾಗಲ್ಲಮ್ಮ. ಗೊತ್ತಾಗೋ ಮಿಷನ್ನು ದೊಡ್ಡೋರ ಹತ್ರ ಇರ್ತದೆ. ಕೇಳಿ ಕಾಗದ ಬರ್ದಿದ್ದೀನಿ."

ಕಾಗದಕ್ಕೆ ಉತ್ತರವಾಗಿ ಮೂರನೆಯ ದಿನ ಜೀಪು ಬಂತು. ಇಳಿದ ಹಾಲು ಒಕ್ಕೂಟದ ಅಧಿಕಾರಿ, "ಹಾಲು ಪರೀಕ್ಷೆ ಆಗಿದೆ, ಏನೂ ಇಲ್ಲ ಅಂತ ಬೋರ್ಡ್ ಮೇಲೆ ಬರೀರಿ" ಎಂದರು.

"ಎಲ್ಲಿ ಆಯ್ತು ಸಾರ್? ಆ ರಿಪೋರ್ಟ್ ಕೊಡಿ, ಅದನ್ನೇ ಅಂಟಿಸ್ತೀನಿ."

"ರಿಪೋರ್ಟೆಲ್ಲ ನಿಮಗ್ಯಾಕ್ರೀ? ಜನಕ್ಕೆ ಭಯ ಹುಟ್ಟಿಸೋರು ನೀವೇ."

"ಇವರಿಗೆ ಕಡ್ಡಿ ತೋರಿಸದೆ ಒಂದು ಮಾತೂ ಹೇಳಿಲ್ಲ ಸಾರ್ ನಾನು. ನಾನೇ ಕಾಣದೇ ಇದ್ದದ್ದನ್ನ ಎಂಗೆ ಬರೀಲಿ?"

ಬರೆಯುವವರೆಗೆ ಹಾಲಿನ ಲಾರಿ ಬರದು ಎಂದರು ಅಧಿಕಾರಿ. ಕ್ಯಾನುಗಳು ಬಿಸಿಲಲ್ಲಿದ್ದವು. ಮಧ್ಯಾಹ್ನವಾಗುವಷ್ಟರಲ್ಲಿ ಒಂದರ ಹಾಲು ಒಡೆಯಿತು. ಹುಲ್ಲು ಹೊತ್ತು ತಂದಿದ್ದ ಅದೇ ಸಾಲು ಟೆಸ್ಟರಣ್ಣನ ಮೇಲೆ ತಿರುಗಿತು. "ಬರೆದು ಬಿಸಾಕಣ್ಣೋ! ನಿನ್ನ ಸತ್ಯದಾಗೆ ನಮ್ಮ ಹಾಲು ಮೊಸರಾಯ್ತದೆ!"

ಅವರು ಸೀಮೆಸುಣ್ಣವನ್ನು ಕಿಟಕಿಯ ಮೇಲಿಟ್ಟು ಹೊರನಡೆದರು. ಕೆಲಸವೂ ಅಂದಿಗೇ ಹೋಯಿತು.

"ಓದಿದೋಳು ನೀನೇ ಬರಿಯೇ" ಎಂದು ಸಾಲಿನಲ್ಲಿದ್ದ ಅಮ್ಮ, ಆಗಷ್ಟೇ ಹತ್ತನೆಯ ತರಗತಿ ಮುಗಿಸಿದ್ದ ನನ್ನನ್ನು ಮುಂದೆ ತಳ್ಳಿದಳು. ನಾನು ಬರೆದೆ. 'ಹಾಲನ್ನು ಪರೀಕ್ಷಿಸಲಾಗಿದೆ. ಯಾರೂ ಭಯಪಡಬೇಕಾಗಿಲ್ಲ.' ದುಂಡಗಿನ, ತಪ್ಪಿಲ್ಲದ ಅಕ್ಷರ... ಲಾರಿ ಬಂತು.

ವಿಷವಿತ್ತೆಂದು ನಾನು ಹೇಳುತ್ತಿಲ್ಲ, ಇದ್ದಿರಲಾರದು. ಆದರೆ ಇಲ್ಲವೆಂದು ಕಂಡವರು ಯಾರು, ಯಾವ ಯಂತ್ರದಲ್ಲಿ, ಯಾವ ದಿನ? ತಮ್ಮ ಮಕ್ಕಳು ಕುಡಿಯುವ ಹಾಲಿನ ಬಗ್ಗೆ ಕೇಳುವ ಹಕ್ಕು ಸುಗಟೂರಿನ ತಾಯಂದಿರಿಗಿಲ್ಲವೆಂದು ತೀರ್ಮಾನಿಸಿದವರು ಯಾರು? ಇದನ್ನೇ ಕೇಳಿ ಒಕ್ಕೂಟಕ್ಕೆ ಈವರೆಗೆ ನಾಲ್ಕು ಅರ್ಜಿ ಬರೆದಿದ್ದೇನೆ. ಉತ್ತರವಿಲ್ಲ. ಐದನೆಯದನ್ನೂ ಬರೆಯುತ್ತೇನೆ.

ಟೆಸ್ಟರಣ್ಣ ಹೋದ ವರ್ಷ ತೀರಿಕೊಂಡರು. ಆ ಬೇಸಿಗೆಯ ನಂತರ ಎರಡು ವರ್ಷ ನಾನು ಕೋಲಾರದ ಬಸ್ಸು ಹತ್ತುತ್ತಿದ್ದುದು ಅವರ ಮನೆಯ ಮುಂದೆಯೇ. ಅವರು ಜಗಲಿಯ ಮೇಲೆ ಕೂತಿರುತ್ತಿದ್ದರು. "ಕಾಲೇಜಿಗೇನಮ್ಮ?" ಎಂದು ಕೇಳುತ್ತಿದ್ದರು. ನಾನು ಬಸ್ಸು ಬರುವ ದಾರಿಯನ್ನೇ ನೋಡುತ್ತಾ ನಿಂತಿರುತ್ತಿದ್ದೆ.