ಅರ್ಧ ನೇಯ್ದ ರಾಕೆಟ್ ಸೀರೆ

ಬನಹಟ್ಟಿಯ ನೇಕಾರ ಮಲಕಾಜಪ್ಪ ಸ್ವಂತ ಮಕ್ಕಳು ಹುಟ್ಟಿದ ದಿನವನ್ನು ಮರೆತಾನು, ದೇಶದ ರಾಕೆಟ್ ಹಾರಿದ ದಿನವನ್ನು ಮರೆಯುವವನಲ್ಲ. ಉಡಾವಣೆಯ ಹೊತ್ತಿಗೆ ಕೈಮಗ್ಗ ನಿಲ್ಲಿಸಿ, ಮೊಬೈಲನ್ನು ದೇವರ ಗೂಡಿನಲ್ಲಿಟ್ಟು, ಕೆಮ್ಮಿದವರನ್ನೂ ಗದರಿಸುತ್ತಾನೆ. ೨೦೨೫ರ ಮೇ ೧೮ರಂದು ಒಂದು ರಾಕೆಟ್ ಗುರಿ ಮುಟ್ಟದೆ ಸೋತಾಗ, ಅದೇ ಬಗೆಯ ಮುಂದಿನದು ಗೆದ್ದ ದಿನ ಹೆಂಡತಿ ಅನಸವ್ವನಿಗೆ ಉಡಿಸಲೆಂದು ಅಂಚಿನ ತುಂಬ ರಾಕೆಟ್ಟುಗಳಿರುವ ಸೀರೆಯೊಂದನ್ನು ನೇಯತೊಡಗಿದ. ೨೦೨೬ರ ಜನವರಿ ೧೨ರಂದು ಆ ಮುಂದಿನದೂ ಸೋತಿತು. ಸೀರೆಯೂ ಅರ್ಧಕ್ಕೆ ನಿಂತಿತು. "ನಿಮ್ಮ ರಾಕೆಟ್ಟಿನ ಕಾಲ ಮುಗೀತ್ರಿ ಕಾಕಾ, ಕೊಯ್ದು ಬ್ಯಾರೆ ಸೀರಿ ಹೂಡ್ರಿ" ಎಂದು ಎದುರುಮನೆಯ ಮಲ್ಲಿನಾಥ ಚೇಷ್ಟೆ ಮಾಡಿದರೆ, "ಎಳಿ ಹರದ್ರ ಗಂಟ ಹಾಕ್ತಾರಲೇ, ಮಗ್ಗಾನ ಒಲಿಗಿ ಹಾಕೂದಿಲ್ಲ" ಎನ್ನುತ್ತಿದ್ದ. ಆದರೆ ಈ ಬೇಸಿಗೆಯಲ್ಲಿ ಮತ್ತೆ ನೇಯಲು ಕುಳಿತರೆ, ಬಿಸಿಗಾಳಿಗೆ ಒಣಗಿದ ನೂಲು ಕಟ್ಟಿದಷ್ಟೂ ಹರಿಯತೊಡಗಿ, ಒಂದು ಮಧ್ಯಾಹ್ನ ಅವನೇ ಕತ್ತರಿ ಕೈಗೆತ್ತಿಕೊಂಡ. ಉಟ್ಟರೆ ಮಂದಿ ನಗುತ್ತಾರೆಂದು ಆ ಸೀರೆಯನ್ನು ದಿನವೂ ಹಳಿಯುತ್ತಿದ್ದ ಅನಸವ್ವ ನೀರಲ್ಲಿ ತೋಯಿಸಿದ ಗೋಣಿಚೀಲಗಳನ್ನು ತಂದು ಮಗ್ಗದ ಕೆಳಗೆ ಹಾಸಿದಳು, ನೂಲು ತಂಪಾಗಲೆಂದು ಕಾಯುತ್ತ ಪಕ್ಕದಲ್ಲೇ ಕುಳಿತು, ಹರಿದ ಎಳೆಯೊಂದನ್ನು ಗಂಟು ಹಾಕುತ್ತ ಕೇಳಿದಳು: "ಮುಂದಿಂದು ಯಾವಾಗ ಹಾರಸ್ತಾರ್ರಿ?" "ತಾರೀಖು ಇನ್ನೂ ಹೇಳಿಲ್ಲ." "ಹಂಗಾರ ಹೊತ್ತೈತಿ. ಕುಬಸಕ್ಕೂ ಒಂದೀಟು ನೇಯ್ರಿ."