ತುಂಬಿದ ಚರ್ಚನ್ನು ಕೇಳದ ಅಮೀರ್ ಬಿ

ಶಿರಾದ ಹಳೇ ಓಣಿಯೊಂದರಲ್ಲಿ ಬೆಳಗಿನ ನಮಾಜು ಈಗಷ್ಟೇ ಮುಗಿದಿದೆ. ಹಿತ್ತಲ ಬಾಗಿಲಿಗೆ ಬೆನ್ನು ಕೊಟ್ಟು ಕೂತ ಅಮೀರ್ ಬಿ, ಕೂದಲೆಳೆಯಂಥ ತಾಮ್ರದ ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆಯುತ್ತಿದ್ದಾರೆ. ಪಕ್ಕದ ಇದ್ದಿಲ ಒಲೆಯಲ್ಲಿ ಬೆಸುಗೆಯ ಕಬ್ಬಿಣ ಕಾಯುತ್ತಿದೆ. ಅದು ಆರುವ ಮೊದಲು ಮೂರು ಬೆಸುಗೆ ಮುಗಿಯಬೇಕು. ಆಮೇಲೆ ಅದೇ ಒಲೆಯ ಮೇಲೆ ಗಂಡನ ಚಹಾ ಏರಬೇಕು.

ಸುರುಳಿ ಸುತ್ತುವಾಗ ಆಕೆ ಮಾತಾಡುವುದಿಲ್ಲ. ನೂರು ಸುತ್ತಿಗೊಂದು ಹಲಸಂದೆ ಕಾಳನ್ನು ತಟ್ಟೆಯ ಈ ಬದಿಯಿಂದ ಆ ಬದಿಗೆ ತಳ್ಳುತ್ತಾರೆ. ಒಂದು ಸುರುಳಿಗೆ ಹನ್ನೆರಡು ಕಾಳು. ನಡುವೆ ಮೂರು ಕಡೆ ತಂತಿಯನ್ನು ಹೊರಗೆಳೆದು ತಿರುಪಿಗೆ ಬೆಸೆದರೆ ಒಂದು ಸ್ಪೀಕರಿನ ವಾಲ್ಯೂಮ್ ಕಂಟ್ರೋಲ್ ಸಿದ್ಧ. ತಿರುಪನ್ನು ಒಂದೊಂದೇ ಮೆಟ್ಟಿಲು ತಿರುಗಿಸಿದಂತೆ ಆ ಸ್ಪೀಕರಿನ ಸದ್ದು ಮಾತ್ರ ಏರುತ್ತದೆ, ಇಳಿಯುತ್ತದೆ. ದಿನಕ್ಕೆ ಎರಡಾದರೆ ಹೆಚ್ಚು. ಮೂರನೆಯದಕ್ಕೆ ಕಣ್ಣು ನೀರಾಡುತ್ತದೆ.

ಊರಿನವರಿಗೆ ಇದು ತಿಳಿಯದು. ಅಂಗಡಿಯ ಬೋರ್ಡಿನಲ್ಲಿರುವುದು ಗಂಡ ಮಕ್ಬೂಲರ ಹೆಸರು. ಮದುವೆಗೆ, ನಾಟಕಕ್ಕೆ ಮೈಕ್ ಸೆಟ್ಟು ಬಾಡಿಗೆ ಕೊಡುವವರು ಅವರು. 1954ರಲ್ಲಿ ಅವರ ಕೈ ನಡುಗಲು ಶುರುವಾಯಿತು. ದಪ್ಪ ವೈರು ಎಳೆಯಬಲ್ಲರು, ಸಣ್ಣ ತಂತಿ ನಿಲ್ಲದು. ಗಡಿಯಾರ ರಿಪೇರಿಯ ನಸ್ರುಲ್ಲಾ ಅವರ ಮಗಳು ಅಮೀರ್ ಬಿ ಒಂದು ದಿನ ಸುಮ್ಮನೆ ಗಂಡನ ಕೈಯಿಂದ ಚಿಮಟ ತೆಗೆದುಕೊಂಡರು. ಹನ್ನೆರಡು ವರ್ಷವಾಯಿತು, ಅದನ್ನು ಯಾರೂ ವಾಪಸು ಕೇಳಿಲ್ಲ.

"ಅವರು ಒಂದು ದಿನಾನೂ ಚೆನ್ನಾಗೈತೆ ಅಂದಿಲ್ಲಮ್ಮ," ಎನ್ನುತ್ತಾರೆ. "ಕೆಟ್ಟೋಗೈತೆ ಅಂತಾನೂ ಅಂದಿರ್ಲಿಲ್ಲ, ಈ ಹಬ್ಬದ ತಂಕ."

ಆ ಹಬ್ಬ ಮಧುಗಿರಿಯ ಚರ್ಚಿನ ಈಸ್ಟರ್. ಅಲ್ಲಿ ಎಂಟು ಸ್ಪೀಕರು, ಎಂಟಕ್ಕೂ ಒಂದೇ ಸದ್ದು. ಮುಂದೆ ಕೂತ ಮುದುಕರ ಕಿವಿ ಬಡಿಯುತ್ತಿತ್ತು, ಹಿಂದಿನ ತಗ್ಗು ಸೂರಿನಡಿ ಕೂತ ಹೆಂಗಸರಿಗೆ ಅರ್ಧ ಮಾತು ಸಿಗುತ್ತಿರಲಿಲ್ಲ. ಒಟ್ಟು ಸದ್ದು ಏರಿಸಿದರೆ ಮೈಕು ಕುಯ್ಯೆನ್ನುತ್ತಿತ್ತು. ಪ್ರತಿ ಸ್ಪೀಕರಿಗೂ ಬೇರೆ ಬೇರೆ ತಿರುಪು ಬೇಕೆಂದು ಸಭೆಯ ಹಿರಿಯರಾದ ಸಂಜೀವಯ್ಯನವರು ಕೇಳಿದರು.

ಎಂಟು ತಿರುಪುಗಳ ಜೊತೆ ಅಮೀರ್ ಬಿಯೂ ಬುರ್ಖಾ ಹಾಕಿಕೊಂಡು ಬಸ್ಸು ಹತ್ತಿದರು. ಅದು ಬುಧವಾರ, ಚರ್ಚು ಖಾಲಿ. ಗಂಡ ಮೈಕಿನಲ್ಲಿ ಒಂದು, ಎರಡು ಎನ್ನುತ್ತಿದ್ದರೆ ಆಕೆ ಪ್ರತಿ ಸ್ಪೀಕರಿನ ಕೆಳಗೂ ನಿಂತು ಕೇಳಿ, ಸರಿ ಅನ್ನಿಸಿದ ಮೆಟ್ಟಿಲಿಗೆ ಸುಣ್ಣದ ಬೊಟ್ಟಿಟ್ಟರು. ಹೆಂಗಸರ ಕಡೆ ತಗ್ಗು ಸೂರಿಗೆ ಮಾತು ಮೊಳಗುತ್ತಿತ್ತು. ಅಲ್ಲಿಯ ತಿರುಪನ್ನು ಒಂದು ಮೆಟ್ಟಿಲು ಇಳಿಸಿದರು.

ತಪ್ಪಾದದ್ದು ಅಲ್ಲೇ. ಈಸ್ಟರ್ ಬೆಳಿಗ್ಗೆ ಮುನ್ನೂರು ಜನ ಸೇರಿದರು. ಹೊಸ ಸೀರೆ, ಸೆರಗು, ಮಡಿಲ ಮಕ್ಕಳು ಎಲ್ಲ ಸೇರಿ ಸದ್ದನ್ನು ಹೀರಿಬಿಟ್ಟವು. ಹಿಂದಿನ ಸಾಲಿನ ಎಸ್ತೇರಮ್ಮ ಎಂಬಾಕೆ ಪ್ರಾರ್ಥನೆಯ ನಡುವೆಯೇ, "ಅಯ್ನೋರೇ, ನಮಗೂ ಒಸಿ ಹೇಳಿ!" ಎಂದು ಕೂಗಿದರಂತೆ. ಗಂಡಸರು ನಕ್ಕರಂತೆ.

ಸೋಮವಾರ ಸಂಜೀವಯ್ಯ ಶಿರಾಕ್ಕೇ ಬಂದರು. ಪರದೆಯ ಹಿಂದೆ ಚಹಾ ಸೋಸುತ್ತಿದ್ದ ಅಮೀರ್ ಬಿಗೆ ಎಲ್ಲ ಕೇಳಿಸಿತು.

"ಏನ್ ಸಾಬ್ರೇ, ಹಿಂಗ್ ಮಾಡ್ಬುಟ್ರಲ್ಲ?"

"ಏನ್ ಮಾಡ್ಲಿ ಸ್ವಾಮಿ," ಎಂದರು ಮಕ್ಬೂಲ್. "ಹೆಂಗಸಿನ ಕೆಲಸ."

ಹನ್ನೆರಡು ವರ್ಷದಲ್ಲಿ ಆ ಕೆಲಸ ಹೆಂಗಸಿನದೆಂದು ಅವರು ಹೊರಗಿನವರೆದುರು ಒಪ್ಪಿಕೊಂಡದ್ದು ಅದೇ ಮೊದಲು. ಆ ದಿನ ಚಹಾಕ್ಕೆ ಸಕ್ಕರೆ ಹಾಕಿದೆನೋ ಇಲ್ಲವೋ ಆಕೆಗೆ ಇವತ್ತಿಗೂ ನೆನಪಿಲ್ಲ.

ಮುಂದಿನ ಭಾನುವಾರ ಚರ್ಚಿಗೆ ತಾನೇ ಬಂದು ಕೇಳುತ್ತೇನೆ ಎಂದರು ಅಮೀರ್ ಬಿ. "ಲೋಗಾಂ ಕ್ಯಾ ಬೋಲ್ತೆ," ಜನ ಏನಂತಾರೆ, ಎಂದರು ಗಂಡ. ಖಾಲಿ ಚರ್ಚಿಗೆ ಹೋದಾಗ ಏನೂ ಅನ್ನದ ಜನ, ತುಂಬಿದ ಚರ್ಚಿಗೆ ಹೋದರೆ ಏನನ್ನುತ್ತಾರೆ ಎಂದು ಅಮೀರ್ ಬಿ ಕೇಳಲಿಲ್ಲ.

ಪಕ್ಕದ ಮನೆಯ ಕೆಂಚಮ್ಮ ನಂದೀಶ್ವರಯ್ಯನವರ ಕಡಲೆಕಾಯಿ ಮಂಡಿಯಲ್ಲಿ ಕಸಗುಡಿಸುತ್ತಾಳೆ. ರಜೆಯ ದಿನ ಅವಳು ಬೀಗ ತೆಗೆದಳು. ಉದ್ದನೆಯ ಆ ಕೋಣೆಯ ತುಂಬ ಮೂಟೆ, ತುಂಬಿದ ಚರ್ಚಿನ ಜನರಂತೆ ಸದ್ದು ಹೀರುವಂಥವು. ಅಮೀರ್ ಬಿ ಅವುಗಳ ಮೇಲೊಂದು ಸ್ಪೀಕರು ಕಟ್ಟಿ, ತಾನು ಮೂಟೆಗಳ ನಡುವೆ ಹುದುಗಿ ಕೂತರು. ಮೈಕು ಕೆಂಚಮ್ಮನ ಕೈಯಲ್ಲಿ.

"ಏನ್ ಮಾತಾಡ್ಲೇ?"

"ಏನಾರ ಮಾತಾಡೇ, ದಿನಾ ಸುಮ್ಕಿರ್ತೀಯಾ?"

"ಮೂಟೆಗೆ ಪ್ರಾರ್ಥ್ನೆ ಕಲಿಸೋಕೆ ಹೊಂಟವಳೆ ಕಣಪ್ಪೋ, ನಮ್ಮ ಸಾಬರ ಹೆಂಡ್ತಿ!"

ನಗು ಬಂದರೂ ಅಮೀರ್ ಬಿ ಕಿವಿ ಬಿಡಲಿಲ್ಲ. ಮಂಡಿ ಖಾಲಿಯಿದ್ದ ವಾರದಲ್ಲಿ ಇನ್ನೊಮ್ಮೆ ಹೋಗಿ ಕೇಳಿದರು. ಖಾಲಿಗೂ ತುಂಬಿದ್ದಕ್ಕೂ ಎರಡು ಮೆಟ್ಟಿಲು ವ್ಯತ್ಯಾಸ. ಅದನ್ನು ಗಂಡನಿಗೆ ಹೇಳಿಕೊಟ್ಟರು. ಗಂಡ ಮಧುಗಿರಿಗೆ ಹೋಗಿ ಹೆಂಗಸರ ಕಡೆಯ ತಿರುಪನ್ನು ಎರಡು ಮೆಟ್ಟಿಲು ಏರಿಸಿದರು. ಈಗ ಹಿಂದಿನ ಸಾಲಿಗೂ ಕೇಳಿಸುತ್ತದೆಯಂತೆ. ಸಭೆಯವರು ಮಕ್ಬೂಲರಿಗೆ ಶಾಲು ಹೊದಿಸಿದರು. ಅದು ಗೂಟದಲ್ಲಿ ನೇತಾಡುತ್ತಿದೆ, ದೂಳು ಹೊಡೆಯುವುದು ಅಮೀರ್ ಬಿಯೇ.

"ಹೆಂಗಸಿನ ಕೆಲಸ ಅಂತ ಅವತ್ತು ಅಂದ್ರಲ್ಲ, ಶಾಲು ಹೊದ್ದಾಗ ಯಾಕ್ ಅನ್ಲಿಲ್ಲ ಕೇಳ್ದೆ," ಎನ್ನುತ್ತಾರೆ. "ಅವತ್ತು ಮರ್ತೋಯ್ತು ಅಂದ್ರು."

ಈಗ ಪಾವಗಡದ ಚರ್ಚಿನಿಂದ ಹತ್ತು ತಿರುಪು ಕೇಳಿದ್ದಾರೆ. ಏಳು ಮುಗಿದಿವೆ. ಸುಣ್ಣದ ಬೊಟ್ಟಿಡಲು ಬುಧವಾರ ಹೋಗೋಣವೆಂದಿದ್ದಾರೆ ಗಂಡ. ಭಾನುವಾರವಾದರೆ ಮಾತ್ರ ಬರುತ್ತೇನೆ, ಇಲ್ಲದಿದ್ದರೆ ಉಳಿದ ಮೂರನ್ನು ಸುತ್ತುವುದಿಲ್ಲ ಎಂದಿದ್ದಾರೆ ಅಮೀರ್ ಬಿ. ನಾಲ್ಕು ದಿನದಿಂದ ಆ ಮೂರರ ತಂತಿ ಮುಟ್ಟಿಲ್ಲ. ಇವತ್ತು ಕೆರೆಯುತ್ತಿರುವ ತಂತಿ ಅಕ್ಕಪಕ್ಕದವರ ಹಳೇ ರೇಡಿಯೋದ್ದು.

"ಹೆಸರು ಗಂಡಂದೇ ಇರ್ಲಿ," ಎನ್ನುತ್ತಾರೆ, ಕಬ್ಬಿಣವನ್ನು ಒಲೆಯಿಂದ ಎತ್ತುತ್ತ. "ಒಂದ್ಸಲ ಆ ಹೆಂಗಸರ ಮಧ್ಯೆ ಕೂತ್ಕೊಂಡು ಕೇಳ್ಬೇಕು, ಅಷ್ಟೇ. ಮೂಟೆ ಮುಂದೆ ಎಷ್ಟ್ ದಿನ ಅಂತ ಕೂರ್ಲಮ್ಮ? ಅದು ಕೇಳಿಸ್ತು ಅಂತ ಹೇಳಲ್ವಲ್ಲ."