ಮದ್ದಲೆಗೊಂದು ಗೂಟ

ಮಂಕಿ ಊರಿನ ನಮ್ಮ ಮನೆಯ ಹಿಂದುಗಡೆ, ಬಚ್ಚಲೊಲೆಗೆ ಬೆಂಕಿ ಹಾಕುವ ಮಾಡಿನಡಿಯಲ್ಲಿ, ತೆಂಗಿನ ಸಿಪ್ಪೆಯ ರಾಶಿಗಿಂತ ಒಂದಾಳು ಎತ್ತರದಲ್ಲಿ ಒಂದು ಮರದ ಗೂಟವಿದೆ. ಹೊಗೆ ಕುಡಿದು ಕಪ್ಪಾಗಿರುವ ಅದರಲ್ಲಿ ನೋಡುವಂಥದ್ದೇನೂ ಇಲ್ಲ. ಆದರೂ ಹಬ್ಬ ಬಂತು, ಸಂಗೀತದವರಿಗೆ ಏನು ಉಡುಗೊರೆ ಕೊಡಲಿ ಎಂದು ಯಾರಾದರೂ ಕೇಳಿದರೆ, ನಾನು ಅವರನ್ನು ನೇರವಾಗಿ ಅದರ ಮುಂದೆ ಕರೆದೊಯ್ದು ನಿಲ್ಲಿಸುತ್ತೇನೆ.

ನೀವು ಮೊಬೈಲನ್ನು ಕೇಳಿದರೆ ಅದು ಸಪ್ತಸ್ವರ ಅಚ್ಚೊತ್ತಿದ ಚಹಾ ಕಪ್ಪನ್ನೋ ವೀಣೆಯಾಕಾರದ ಗಡಿಯಾರವನ್ನೋ ತೋರಿಸೀತು. ಊರಿನ ಹಿರಿಯರನ್ನು ಕೇಳಿದರೆ ಶಾಲು ಎಂದಾರು. ನೆರೆಮನೆಯ ಸುಬ್ರಾಯಣ್ಣ ಯಕ್ಷಗಾನದ ಮದ್ದಲೆಗಾರ. ಬೆವರಿಳಿಸುವ ಈ ಕರಾವಳಿಯಲ್ಲಿ ಅವನಿಗೆ ಹೊದಿಸಿದ ಶಾಲುಗಳಿಗೆ ಲೆಕ್ಕವಿಲ್ಲ. ಅವುಗಳಲ್ಲೊಂದನ್ನು ಅವನ ಹೆಂಡತಿ ನಾಗವೇಣಿ ಕತ್ತರಿಸಿ ಮದ್ದಲೆಗೆ ಗವಸು ಹೊಲಿದಳು. ಇಷ್ಟು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನಾನು ಇಂಥ ಪೆದ್ದು ಉಡುಗೊರೆ ಕೊಡುವವಳಲ್ಲ ಎಂಬ ಜಂಬ ನನಗಿತ್ತು.

ಜಂಬದಿಂದಲೇ ಒಂದು ದೀಪಾವಳಿಗೆ ಅವನ ಮದ್ದಲೆಗೊಂದು ಪೆಟ್ಟಿಗೆ ಮಾಡಿಸಿಕೊಟ್ಟೆ. ಸಾಗವಾನಿಯದು, ಒಳಗೆ ಮಖಮಲ್ಲು, ಮುಚ್ಚಳದಂಚಿಗೆ ಗಾಳಿಯಾಡದಂತೆ ರಬ್ಬರು. ಸುಬ್ರಾಯಣ್ಣನ ಮದ್ದಲೆ ಅವನ ಗುರುಗಳು ಕೈಯಾರೆ ಕೊಟ್ಟದ್ದು. ಹಿಂದೆಲ್ಲ ಮಳೆಗಾಲದಲ್ಲಿ ಅಡುಗೆಮನೆಯ ಒಲೆಯ ಮೇಲೆ ಬೆಚ್ಚಗೆ ತೂಗಿಕೊಂಡಿರುತ್ತಿತ್ತು. ಗ್ಯಾಸು ಬಂದು, ಒಲೆ ಒಡೆದು, ಟೈಲ್ಸ್ ಹಾಕಿಸಿದ ಮೇಲೆ ಅದಕ್ಕೆ ಜಾಗವೇ ಇಲ್ಲದಾಯಿತು. ಮೇಳದ ತಿರುಗಾಟ ಮುಗಿದು ಮಳೆ ಹಿಡಿದಾಗ ಅವನು ನನ್ನ ಮೇಲಿನ ಗೌರವದಿಂದ ಅದನ್ನು ಪೆಟ್ಟಿಗೆಯೊಳಗಿಟ್ಟು ಬಿಗಿಯಾಗಿ ಮುಚ್ಚಿದ.

ನವರಾತ್ರಿಯ ಪೂಜೆಗೆಂದು ಹೊರತೆಗೆದಾಗ ಚರ್ಮದ ತುಂಬ ಬಿಳಿಯ ಬೂಸ್ಟು. ಹಸಿ ಆರದ ಹಪ್ಪಳವನ್ನು ಎಂದೂ ಡಬ್ಬಿಗೆ ಹಾಕದ ನಾನು, ಸಮುದ್ರದ ತೇವ ಕುಡಿದ ಮದ್ದಲೆಯನ್ನು ರಬ್ಬರು ಹಾಕಿ ಮುಚ್ಚಿಸಿದ್ದೆ! ಸುಬ್ರಾಯಣ್ಣ ಬೆರಳಿಂದ ತಟ್ಟಿದ. ಒದ್ದೆ ಗೋಣಿಗೆ ಹೊಡೆದ ಹಾಗೆ ಥಪ್ಪೆಂದಿತು. ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯದೆ ಗುರುಗಳ ಫೋಟೋದ ಕಡೆ ನೋಡಿದ್ದಕ್ಕೆ ನನಗೆ ಅಳು ಬಂತು. ದೀಪಾವಳಿ ಕಳೆದರೆ ಮೇಳ ಹೊರಡುತ್ತದೆ, ಆ ಮದ್ದಲೆ ಬಿಟ್ಟು ಬೇರೊಂದನ್ನು ಅವನು ಮುಟ್ಟಿದವನಲ್ಲ.

ಆಗ ಬಾಯಿಬಿಟ್ಟವಳು ನಾಗವೇಣಿ. "ಅಕ್ಕೋರೆ, ಅಳೂದೆಂತಕ್ಕೆ? ನಿಮ್ಮನೆ ಬಚ್ಚಲೊಲೆ ಈಗ್ಲೂ ಉರೀತದಲ್ರಾ?"

ಅಂದೇ ಗೂಟ ಹೊಡೆಸಿದೆ. ಬೂಸ್ಟು ಒರೆಸಿದ ಮದ್ದಲೆ ಅಲ್ಲಿ ತೂಗಿತು. ಬಿಸಿನೀರು ಬೇಕಿರಲಿ ಬಿಡಲಿ, ದಿನವೂ ಎರಡು ಹೊತ್ತು ಬೆಂಕಿ ಹಾಕಿದೆ. ಕಾದ ನೀರು ದಂಡವಾಗಬಾರದೆಂದು ನಮ್ಮ ಯಜಮಾನರು ಗೊಣಗುತ್ತಲೇ ದಿನಕ್ಕೆರಡು ಸಲ ಮಿಂದರು. ಸಂಜೆ ಸುಬ್ರಾಯಣ್ಣ ಬಂದು ಒಮ್ಮೆ ತಟ್ಟಿ, ಇನ್ನೂ ಇಲ್ಲವೆಂದು ತಲೆಯಾಡಿಸಿ ಹೋಗುತ್ತಿದ್ದ. ಆ ಸಂಜೆಗಳಲ್ಲಿ ನನಗೆ ಹೊಳೆದದ್ದಿಷ್ಟು: ನಾನು ಕೊಟ್ಟದ್ದು ನನ್ನ ಕಣ್ಣಿಗೆ ಚೆಂದ ಕಂಡದ್ದನ್ನು. ಮದ್ದಲೆಗೆ ಏನು ಬೇಕೆಂದು, ಮನೆಯಲ್ಲಿ ಅದನ್ನು ಎತ್ತಿಡುವ ನಾಗವೇಣಿಯನ್ನು ಒಂದು ಮಾತು ಕೇಳಲಿಲ್ಲ. ಉಡುಗೊರೆ ಕೊಡುವವರು ಮೊದಲು ಕಲಿಯಬೇಕಾದದ್ದು ಕೇಳುವುದನ್ನು, ಇದನ್ನು ನಾನು ಈಗ ಧೈರ್ಯವಾಗಿ ಹೇಳುತ್ತೇನೆ.

ದೀಪಾವಳಿಯ ಬೆಳಿಗ್ಗೆ, ಹಬ್ಬದ ಶಾಸ್ತ್ರಕ್ಕೆ ಹಿಂಡಲೆ ಬಳ್ಳಿ ಸುತ್ತಿದ ಹಂಡೆಯ ನೀರು ಕುದಿಯುತ್ತಿರುವಾಗ ಅವನು ಬಂದ. ಮದ್ದಲೆಯನ್ನಿಳಿಸಿ, ಬಾರು ಬಿಗಿದು, ಕಿವಿಗಿಟ್ಟುಕೊಂಡು ತಟ್ಟಿದ. ಧೀಂ! ಹಂಡೆಯ ಕಂಠವೂ ಸಣ್ಣಗೆ ಮೊಳಗಿತು. ಒಳಗೆ ಮೈಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ ಯಜಮಾನರು "ಭೇಷ್!" ಎಂದು ಕೂಗಿದರು.

"ಆತು, ಅಕ್ಕೋರೆ," ಎಂದ ಸುಬ್ರಾಯಣ್ಣ. ನನಗೆ ಬಂದ ಯಾವ ಸನ್ಮಾನದಲ್ಲೂ ಇಷ್ಟು ಸುಖವಿರಲಿಲ್ಲ.

ಸಾಗವಾನಿ ಪೆಟ್ಟಿಗೆಯಲ್ಲಿ ಈಗ ನಾಗವೇಣಿ ಶಾಲುಗಳನ್ನಿಟ್ಟಿದ್ದಾಳೆ. ಮದ್ದಲೆ ಮೇಳದ ಜೊತೆ ಊರೂರು ತಿರುಗುತ್ತಿದೆ, ಗೂಟ ಖಾಲಿ. ನಿನ್ನೆ ಯಜಮಾನರು ಅದಕ್ಕೆ ಒದ್ದೆ ಪಂಚೆ ನೇತುಹಾಕಿದ್ದರು. ತೆಗೆದು ತಂತಿಯ ಮೇಲೆ ಹರವಿ, ಮದ್ದಲೆ ಮರಳಿ ಬರುವ ಮಳೆಗಾಲ ಇನ್ನೂ ದೂರವಿದ್ದರೂ, ಆ ಗೂಟವನ್ನು ಸೆರಗಿನಿಂದ ಒರೆಸಿಟ್ಟೆ.